ತಂಪುಗಲ್ಲಿನ ಎರಡನೆಯ ರೂಪ

"ಅವ್ವಾ, ಎಡಗಡಿ ಕಲ್ಲು ತಣ್ಣಗ ಆಗವಲ್ದು."

ಮುಕ್ತಾ ಹೀಗೆಂದದ್ದು ಮಾರ್ಚ್ ತಿಂಗಳ ಒಂದು ಬೆಳಗ್ಗೆ, ಶಾಲೆಗೆ ಹೊರಟು ನಿಂತಾಗ. ಒಂಬತ್ತು ವರ್ಷದ ಹುಡುಗಿ ದಿನಕ್ಕೆ ಹತ್ತು ದೂರು ತರುತ್ತಾಳೆ. ನೀಲಾಂಬಿಕೆ ಅವುಗಳಲ್ಲಿ ಒಂಬತ್ತನ್ನು ಕಿವಿಗೇ ಹಾಕಿಕೊಳ್ಳುವುದಿಲ್ಲ. ಈ ದೂರಿಗೆ ಮಾತ್ರ ರೊಟ್ಟಿ ಬಡಿಯುತ್ತಿದ್ದ ಅವಳ ಕೈ ನಿಂತಿತು. ಹಿಟ್ಟಿನ ಕೈಯಲ್ಲೇ ಬಂದು ಮಗಳ ತಂಪಂಗಿಯ ಎಡಗಡೆ ಜೇಬಿನಿಂದ ಕಲ್ಲನ್ನು ಹೊರಗೆ ತೆಗೆದಳು. ಬೆಳಕಿಗೆ ಹಿಡಿದರೆ ಆಚೆಯ ಬೆರಳ ಗೆರೆ ಕಾಣುವಷ್ಟು ತಿಳಿಯಾಗಿರಬೇಕಾದ ಹರಳು ಒಂದು ಮೂಲೆಯಿಂದ ಹಾಲುಹಾಲಾಗಿತ್ತು.

"ಇವತ್ತ ಸಾಲಿ ಬ್ಯಾಡ" ಎಂದಳು.

"ಪರೀಕ್ಷಿ ಅದಬೇ."

"ಇದ್ರ ಇರ್ಲಿ. ಕುಂದ್ರು ಸುಮ್ಕ."

ಮುಕ್ತಾಳಿಗೆ ಬೆವರು ಬರುವುದಿಲ್ಲ. ಹುಟ್ಟುವಾಗಲೇ ಅವಳ ಚರ್ಮದಲ್ಲಿ ಬೆವರಿನ ಗ್ರಂಥಿಗಳಿರಲಿಲ್ಲ. ಬೇರೆ ಊರಿನಲ್ಲಾಗಿದ್ದರೆ ಹೇಗೋ ನಡೆಯುತ್ತಿತ್ತು. ರಾಯಚೂರಿನಲ್ಲಿ, ಅದೂ ಮೇ ತಿಂಗಳ ಮಧ್ಯಾಹ್ನ ಐವತ್ತೊಂದು ಡಿಗ್ರಿ ಮುಟ್ಟುವ ಈ ಕಾಲದ ರಾಯಚೂರಿನಲ್ಲಿ, ಬೆವರದ ಮಗು ಅರ್ಧ ತಾಸಿನಲ್ಲಿ ಕಾದ ಹಂಚಾಗುತ್ತದೆ. ಆರನೆಯ ವಯಸ್ಸಿನ ತನಕ ಅವಳು ಬೇಸಿಗೆಯೆಲ್ಲ ನೀರಿನ ಬಾನಿಯಲ್ಲೇ ಕಳೆದಳು. ಎರಡು ಸಲ ಕೈ ಬಿಟ್ಟೇ ಹೋಗುವುದರಲ್ಲಿದ್ದಳು. ಅವಳನ್ನು ಬಾನಿಯಿಂದ ಬೀದಿಗೆ ತಂದದ್ದು ತಂಪುಗಲ್ಲು.

ತಂಪುಗಲ್ಲು ಅಂದರೆ ಸತುವಿನ ಬೋರೇಟ್. ಬೋರಾನ್ ಪರಮಾಣುವಿಗೆ ಆಮ್ಲಜನಕದ ಜೊತೆ ಇರಲು ಎರಡು ರೀತಿ ಗೊತ್ತು. ಮೂರನ್ನು ಹಿಡಿದುಕೊಂಡು ಚಪ್ಪಟೆ ತ್ರಿಕೋನವಾಗಿ ಮಲಗಬಹುದು; ನಾಲ್ಕನ್ನು ಹಿಡಿದುಕೊಂಡು ನಾಲ್ಕು ಮೂಲೆಯ ಗೋಪುರವಾಗಿ ಏಳಬಹುದು. ಈ ಹರಳಿನಲ್ಲಿ ಸತುವಿನ ಪರಮಾಣುಗಳು ನಡುನಡುವೆ ಕಂಬಗಳಂತೆ ನಿಂತು ಬೋರಾನಿಗೆ ಅತ್ತಿತ್ತ ಹೊರಳಲು ಜಾಗ ಬಿಟ್ಟಿದ್ದವು. ಒತ್ತಿದರೆ ತ್ರಿಕೋನಗಳೆಲ್ಲ ಒಟ್ಟಿಗೆ ಎದ್ದು ಗೋಪುರವಾಗಿ ಬಿಸಿ ಕಾರುತ್ತವೆ. ಒತ್ತು ಬಿಟ್ಟರೆ ಮತ್ತೆ ಮಲಗುತ್ತ ಸುತ್ತಲಿನ ಬಿಸಿಯನ್ನು ಹೀರಿಕೊಳ್ಳುತ್ತವೆ. ಕಾರಿದ ಬಿಸಿಯನ್ನು ಹೊರಗೆ ಬಿಟ್ಟು, ಹೀರುವಾಗಿನ ತಂಪನ್ನು ಒಳಗೆ ಇಟ್ಟುಕೊಂಡರಾಯಿತು. ಕರೆಂಟು ಬೇಡ, ಕಾಲಲ್ಲಿ ತುಳಿಯುವ ಒಂದು ಮೆಟ್ಟು ಸಾಕು. ಮುಕ್ತಾಳ ಅಂಗಿಯಲ್ಲಿ ಅಂಥ ಹನ್ನೆರಡು ಚಿಕ್ಕ ಕಲ್ಲುಗಳಿದ್ದವು, ಸೊಂಟದ ಹತ್ತಿರ ಒತ್ತಲು ಒಂದು ಹಿಡಿಕೆ. ಆಡುವಾಗ, ಓದುವಾಗ, ಜಗಳ ಕಾಯುವಾಗ ಕೂಡ ಅವಳ ಬಲಗೈ ತನ್ನಷ್ಟಕ್ಕೆ ಆ ಹಿಡಿಕೆಯನ್ನು ಒತ್ತಿ ಬಿಡುತ್ತಿತ್ತು.

ಊರಿನ ನಾನೂರು ಮನೆಗಳ ಗೋಡೆಯಲ್ಲೂ ದೊಡ್ಡ ಕಲ್ಲುಗಳು ಕೂತಿದ್ದವು. ಮಧ್ಯಾಹ್ನ ಎರಡಕ್ಕೂ ದರ್ಜಿ ಅಂಗಡಿ ತೆರೆದಿರುತ್ತಿತ್ತು. ತಂಪುಗಲ್ಲಿನ ಗೋಡೆಗೆ ಬೀದಿನಾಯಿಗಳು ಬೆನ್ನು ಕೊಟ್ಟು ಮಲಗುತ್ತಿದ್ದವು. ಅವಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ. ಸುಖ ಎಲ್ಲಿದೆ ಎಂದು ನಾಯಿಗೆ ಹೇಳಬೇಕೆ?

ಆ ಎಲ್ಲ ಕಲ್ಲುಗಳನ್ನು ಬೆಳೆಸಿದ್ದು ಊರಾಚೆಯ ಹರಳು ಕೇಂದ್ರದಲ್ಲಿ, ಬಹುಪಾಲು ನೀಲಾಂಬಿಕೆಯ ಕೈಯಿಂದ. ಅವಳು ಡಿಗ್ರಿ ಓದಿದವಳಲ್ಲ. ಬಳ್ಳಾರಿಯ ಹಳೆಯ ಪ್ರಯೋಗಾಲಯದಲ್ಲಿ ಗಾಜಿನ ಪಾತ್ರೆ ತೊಳೆಯುವ ಕೆಲಸಕ್ಕೆ ಸೇರಿದ್ದವಳು. ಡಾಕ್ಟರ್ ಪಂಪಾಪತಿಯವರು ಒಂದು ದಿನ ಅವಳು ಬಿಸಿ ಪಾತ್ರೆಯನ್ನು ಹನಿ ಚೆಲ್ಲದೆ ಇಳಿಸಿದ್ದನ್ನು ನೋಡಿ, "ಈ ಕೈ ತೊಳಿಯಾಕ ಅಲ್ಲ, ಬೆಳ್ಸಾಕ ಅದ" ಎಂದು ಕುಲುಮೆಯ ಮುಂದೆ ಕೂರಿಸಿದರು. ಕರಗಿದ ಬೋರೇಟಿನ ಮೇಲೆ ಬೀಜದ ಹರಳನ್ನು ತಾಗಿಸಿ, ದಿನಕ್ಕೆ ಎರಡು ಬೆರಳಗಲದಂತೆ ಮೇಲೆತ್ತುವುದನ್ನು ಕಲಿಸಿದರು. ಎಕ್ಸ್-ರೇ ಚಿತ್ರ ಓದುವುದನ್ನೂ ಕಲಿಸಿದರು. ಅಪ್ಪ ಸತ್ತ ವರ್ಷ ಅವಳಿಗೆ ಸೀರೆ ಕೊಟ್ಟವರೂ ಅವರೇ. ಸರ್ ಎಂದರೆ ಅವಳಿಗೆ ದೇವರಿಗಿಂತ ಅರ್ಧ ಮೆಟ್ಟಿಲು ಕೆಳಗೆ, ಅಷ್ಟೆ.

ಹಾಲಾದ ಕಲ್ಲನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಅವಳು ಮೊದಲು ಓಡಿದ್ದು ಅವರ ಹತ್ತಿರಕ್ಕೇ.

ಪಂಪಾಪತಿಯವರು ಕಲ್ಲನ್ನು ಮೇಜಿನ ಮೇಲೆಯೇ ಇರಿಸಿ ನೋಡಿದರು, ಕೈಗೆ ತೆಗೆದುಕೊಳ್ಳಲಿಲ್ಲ. "ಬೀಜ ಸೀಳಿರಬೇಕು. ಸತು ಬದಲು ಮಾಡಿ ನೋಡು" ಎಂದರು.

ಅವಳು ಸತು ಬದಲು ಮಾಡಿದಳು, ಬೀಜ ಬದಲು ಮಾಡಿದಳು, ಪ್ಲಾಟಿನಮ್ ಬೋಗುಣಿಯನ್ನು ಆಸಿಡ್ಡಿನಲ್ಲಿ ಕುದಿಸಿದಳು. ಏಳು ಕುಲುಮೆಗಳಲ್ಲೂ ಹರಳು ಮೊದಲ ದಿನವೇ ಹಾಲಾಗಿ ಎದ್ದಿತು. ಎಕ್ಸ್-ರೇಗೆ ಹಿಡಿದರೆ ಚುಕ್ಕೆಗಳು ಇರಬೇಕಾದ ಕಡೆ ಇರಲಿಲ್ಲ. ಅದೇ ಸತು, ಅದೇ ಬೋರಾನ್, ಅದೇ ಆಮ್ಲಜನಕ. ಲೆಕ್ಕದಲ್ಲಿ ಒಂದು ಪರಮಾಣುವೂ ಹೆಚ್ಚುಕಡಿಮೆಯಿಲ್ಲ. ಕಟ್ಟಡ ಮಾತ್ರ ಬೇರೆ. ಈ ಹೊಸ ರೂಪದಲ್ಲಿ ಬೋರಾನುಗಳು ಮೂರು ಮೂರಾಗಿ ಕೈ ಹಿಡಿದು ಬಳೆ ಕಟ್ಟಿಕೊಂಡು ನೆಮ್ಮದಿಯಾಗಿ ಕೂತುಬಿಟ್ಟಿದ್ದವು. ಎಷ್ಟು ಒತ್ತಿದರೂ ಏಳುವುದಿಲ್ಲ, ಮಲಗುವುದಿಲ್ಲ. ಮೊದಲ ರೂಪ ಒಂಟಿಗಾಲಲ್ಲಿ ನಿಂತದ್ದು, ಎರಡನೆಯದು ಚಕ್ಕಳಮಕ್ಕಳ ಹಾಕಿ ಕೂತದ್ದು. ಒಂಟಿಗಾಲಲ್ಲಿ ನಿಂತವನಿಗೆ ಕೂತವನು ಕಂಡರೆ ಕೂರಬೇಕೆನಿಸುತ್ತದಲ್ಲ, ಹರಳಿಗೂ ಹಾಗೆಯೇ. ಎರಡನೆಯ ರೂಪದ ಕಣ್ಣಿಗೆ ಕಾಣದ ಒಂದು ಕಣ ತಾಗಿದರೆ ಸಾಕು, ಮಡಕೆ ಹಾಲಿಗೆ ಬಿದ್ದ ಹೆಪ್ಪಿನ ಹಾಗೆ, ಇಡೀ ಕಲ್ಲು ಅದರ ದಾರಿ ಹಿಡಿಯುತ್ತದೆ. ಒಮ್ಮೆ ಮೊಸರಾದದ್ದನ್ನು ಹಾಲು ಮಾಡಿದವರಿಲ್ಲ.

"ಸರ್, ಇದು ಸೀಳು ಅಲ್ರಿ. ಬ್ಯಾರೇನ ರಚನೆ ಅದ" ಎಂದು ಚಿತ್ರ ತೋರಿಸಿದಳು.

ಅವರು ಒಮ್ಮೆ ನೋಡಿದರು. ಯಾವ ಕೋನ, ಎಷ್ಟು ಅಂತರ ಎಂದು ಕೇಳಲಿಲ್ಲ. ಯಾವ ಹೊಸ ಚಿತ್ರ ಬಂದರೂ ಕನ್ನಡಕ ಹಣೆಗೇರಿಸಿ ಅರ್ಧ ದಿನ ಕೂರುವ ಮನುಷ್ಯ ಇದನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡರು. "ನಾ ನೋಡ್ತೀನಿ. ಹೊರಗ ಮಾತಾಡಬ್ಯಾಡ." ಸರ್ ನೋಡುತ್ತೇನೆಂದ ಮೇಲೆ ನೋಡುತ್ತಾರೆ ಎಂದು ಅವಳು ನಂಬಿದಳು. ನಂಬುವುದು ಅವಳಿಗೆ ಇಪ್ಪತ್ತು ವರ್ಷದ ಅಭ್ಯಾಸವಾಗಿತ್ತು.

ಏಪ್ರಿಲ್ ಬರುವ ಹೊತ್ತಿಗೆ ಊರಿನ ಕಲ್ಲುಗಳು ಒಂದೊಂದೇ ಹಾಲಾದವು. ಜನ ಹಳೆಯ ಉಪಾಯಗಳನ್ನು ಅಟ್ಟದಿಂದ ಇಳಿಸಿದರು. ಬಾಗಿಲಿಗೆ ಒದ್ದೆ ಗೋಣಿತಟ್ಟು ಬಂತು. ದರ್ಜಿ ಅಂಗಡಿ ಹನ್ನೊಂದಕ್ಕೇ ಮುಚ್ಚಿತು. ನಾಯಿಗಳು ಗೋಡೆ ಬಿಟ್ಟು ಚರಂಡಿಗೆ ಇಳಿದವು. ಮುಕ್ತಾಳ ಅಂಗಿಯಲ್ಲಿ ಹನ್ನೆರಡರಲ್ಲಿ ಐದು ಉಳಿದವು, ಆಮೇಲೆ ಎರಡು, ಆಮೇಲೆ ಒಂದೂ ಇಲ್ಲ. ನೀಲಾಂಬಿಕೆಯ ಅತ್ತೆ ಗೌರವ್ವ ಹಿತ್ತಲಿನ ಬಾನಿಯನ್ನು ತಿಕ್ಕಿ ತೊಳೆದು ಮತ್ತೆ ನೀರು ತುಂಬಿದಳು. ಗಂಡ ಸತ್ತ ಸೊಸೆ, ಬೆವರದ ಮೊಮ್ಮಗಳು, ಇಬ್ಬರನ್ನೂ ಕಟ್ಟಿಕೊಂಡು ಬಂದ ಮುದುಕಿಗೆ ಅದು ಹಳೆಯ ಕೆಲಸ. ಬಾನಿಯಲ್ಲಿ ಕುತ್ತಿಗೆವರೆಗೆ ಮುಳುಗಿ ಕೂತ ಮುಕ್ತಾಳ ಬಲಗೈ ನೀರಿನೊಳಗೇ ಸೊಂಟದ ಹತ್ತಿರ ಹಿಡಿಕೆ ಹುಡುಕುತ್ತಿತ್ತು.

ಪಕ್ಕದ ಮನೆಯ ಖಾಜಾಬಿ ಬಂದು ಬಾಗಿಲಲ್ಲಿ ನಿಂತಳು. ಅವಳ ತಮ್ಮನಿಗೆ ಎರಡು ಸಲ ಬಿಸಿಲು ಬಡಿದು ಅರ್ಧ ಮೈ ಬಿದ್ದುಹೋಗಿತ್ತು. "ನೀಲಕ್ಕಾ, ನಮ್ಮದೂ ಹೋತು. ಏನರ ಆಗ್ತದೇನು ನೋಡ?"

"ನಮ್ಮ ಸರ್ ಸರಿ ಮಾಡ್ತಾರವಾ. ನಾ ಹೇಳ್ತೀನಲ್ಲ" ಎಂದಳು ನೀಲಾಂಬಿಕೆ. ಬೀದಿಯ ಪ್ರತಿ ಮನೆಗೂ ಇದೇ ಮಾತು ಕೊಟ್ಟಳು.

ಕೊಟ್ಟ ಮಾತು ಕುತ್ತಿಗೆಗೆ ಬಂದಾಗ ಅವಳು ತಾನೇ ಹುಡುಕತೊಡಗಿದಳು. ಹೆಪ್ಪು ಎಲ್ಲಿಂದಲಾದರೂ ಬರಲೇಬೇಕು. ಮನೆಗಳ ಕಲ್ಲುಗಳಿಗೆ ಅದು ಹತ್ತಿದ್ದು ಹೇಗೆಂದು ಬೇಗ ಹೊಳೆಯಿತು: ಪ್ರತಿ ಚಳಿಗಾಲ, ಕುಲುಮೆಗಳು ಆರಿರುವಾಗ, ಊರಿನ ಕಲ್ಲುಗಳೆಲ್ಲ ಪಾಲಿಶ್ ಮಾಡಲು ಕೇಂದ್ರಕ್ಕೆ ಬರುತ್ತವೆ, ಒಂದೇ ಚಕ್ರದ ಮೇಲೆ ಉಜ್ಜಿಸಿಕೊಂಡು ಹೋಗುತ್ತವೆ. ಮುಕ್ತಾಳ ಕಲ್ಲುಗಳನ್ನು ನೀಲಾಂಬಿಕೆಯೇ ಉಜ್ಜಿದ್ದಳು. ಅಂದರೆ ಚಳಿಗಾಲಕ್ಕೆ ಮೊದಲೇ ಹೆಪ್ಪು ಕೇಂದ್ರದೊಳಗಿತ್ತು. ಚಳಿಗಾಲಕ್ಕೆ ಮೊದಲು ಏನಾಗಿತ್ತು? ಆಯುಧಪೂಜೆ ಆಗಿತ್ತು.

ಅವಳಿಗೆ ಆ ದಿನ ಕಣ್ಣಿಗೆ ಕಟ್ಟಿದಂತೆ ನೆನಪಿತ್ತು. ಕೇಂದ್ರದಲ್ಲಿ ಪೂಜೆ ಯಾವಾಗಲೂ ಅವಳದೇ. ಕುಲುಮೆ, ಚಿಮಟ, ತಕ್ಕಡಿ, ಪಾಲಿಶ್ ಚಕ್ರ, ಬೀಜದ ಹರಳು ಕೂರಿಸಿದ ಏಳು ಸಲಾಕೆಗಳು, ಎಲ್ಲವನ್ನೂ ಬಾಳೆಲೆಯ ಮೇಲೆ ಸಾಲಾಗಿ ಇಡುವುದು. ಆ ವರ್ಷ, ಯಾವುದೂ ಪೂಜೆ ತಪ್ಪಬಾರದೆಂದು, ಸರ್ ಕೋಣೆಯ ಕಪಾಟಿನ ಮಾದರಿಗಳನ್ನೂ ತಂದು ಇಟ್ಟಿದ್ದಳು. ಅವುಗಳಲ್ಲಿ ಸೀಳಿದ ಬಿರಡೆಯ ಒಂದು ಗಾಜಿನ ಕೊಳವೆ. ಮೇಲೆ ಸರ್ ಅಕ್ಷರದಲ್ಲಿ 'ಹಳೆ ಗಾಜಿನ ಪುಡಿ' ಎಂದಿತ್ತು. ಅದಕ್ಕೆ ಕುಂಕುಮ ಇಡುವಾಗ ಹೆಬ್ಬೆರಳಿಗೆ ಬಿಳಿ ಪುಡಿ ಮೆತ್ತಿತ್ತು. ಅದೇ ಬೆರಳಿನಿಂದ ಮುಂದಿನದಕ್ಕೆ, ಅದರ ಮುಂದಿನದಕ್ಕೆ. ಏಳು ಸಲಾಕೆಗಳಿಗೂ, ಪಾಲಿಶ್ ಚಕ್ರಕ್ಕೂ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅವಳು ಆ ಕೊಳವೆಯನ್ನು ತೆಗೆದು ಚಿಟಿಕೆ ಪುಡಿಯನ್ನು ಎಕ್ಸ್-ರೇ ಯಂತ್ರಕ್ಕೆ ಇಟ್ಟಳು. ಗಾಜಿನೊಳಗೆ ಪರಮಾಣುಗಳು ಸಂತೆಯ ಜನರಂತೆ ಗೊತ್ತುಗುರಿಯಿಲ್ಲದೆ ನಿಂತಿರುತ್ತವೆ. ಗಾಜಿನ ಚಿತ್ರವೆಂದರೆ ಬರೀ ಮಸುಕು. ಈ ಪುಡಿ ಮಸುಕಾಗಲಿಲ್ಲ. ಪರದೆಯ ಮೇಲೆ ಒಂದಾದ ಮೇಲೊಂದು ಉಂಗುರಗಳು ಗೀಟು ಹಾಕಿದಷ್ಟು ಸ್ಪಷ್ಟವಾಗಿ ಮೂಡಿದವು. ಅಂತರ ಅಳೆದಳು. ಸತ್ತ ಕಲ್ಲುಗಳ ಅಂತರವೇ. ಕೊಳವೆಯೊಳಗೆ ಸುರುಳಿ ಸುತ್ತಿದ ಒಂದು ಕಾಗದವಿತ್ತು: ಬೋರಾನಿನ ಬಳೆಗಳು, ಸತುವಿನ ಕಂಬಗಳು, ಒಂದೊಂದು ಕೋನವನ್ನೂ ಬರೆದ ಪೂರ್ತಿ ರಚನೆ. ಕೆಳಗೆ ತಾರೀಖು. ಬಳ್ಳಾರಿಯ ಪ್ರಯೋಗಾಲಯವನ್ನು ಸರ್ 'ಮಾಳಿಗಿ ಸೋರ್ತದ' ಎಂದು ಬಿಟ್ಟು ಬಂದ ತಿಂಗಳದು. ಊರಿಗೆ ಮೊದಲ ತಂಪುಗಲ್ಲು ಕೊಡುವುದಕ್ಕೆ ಒಂದು ವರ್ಷ ಮುಂಚಿನದು.

ನೀಲಾಂಬಿಕೆ ಸ್ಟೂಲಿನ ಮೇಲೆ ಕೂತಳು. ಮೊದಲ ಕಲ್ಲು ಕೊಟ್ಟ ಸಮಾರಂಭದಲ್ಲಿ ಸರ್ ಮುಕ್ತಾಳಿಗೆ ತಂಪಂಗಿ ತೊಡಿಸಿ ಬಿಸಿಲಲ್ಲಿ ಹತ್ತು ನಿಮಿಷ ನಿಲ್ಲಿಸಿದ್ದರು. "ಈ ಹರಳಿಗೆ ಇದೊಂದೇ ರೂಪ. ನೂರು ವರ್ಷ ಬಾಳ್ತದ" ಎಂದು ಮೈಕಿನಲ್ಲಿ ಹೇಳಿದ್ದರು. ಜನ ಚಪ್ಪಾಳೆ ತಟ್ಟಿದ್ದರು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ತಾನು.

ಅವಳು ನೇರ ಅವರ ಕೋಣೆಗೆ ಹೋಗಿ ಕೊಳವೆಯನ್ನು ಮೇಜಿನ ಮೇಲೆ ಇಟ್ಟಳು. "ಇದು ಗಾಜಲ್ರಿ ಸರ್."

"ಬಾಗಿಲು ಮುಂದ ಮಾಡು."

"ಯಾಕ್ರಿ? ಕೇಳೋರು ಕೇಳ್ಲಿ."

ಪಂಪಾಪತಿಯವರು ಕನ್ನಡಕ ತೆಗೆದು ಒರೆಸಿದರು. "ಬಳ್ಳಾರಿಯೊಳಗ ಒಂದ ಸಲ ಬಂತು. ಕೋಣಿ ಮುಚ್ಚಿಸಿದೆ, ಎಲ್ಲಾ ಬಿಟ್ಟು ಇಲ್ಲಿಗೆ ಬಂದೆ. ಹೊಸಾ ಗ್ವಾಡಿ, ಹೊಸಾ ಕುಲುಮಿ. ಅಲ್ಲಿಗೆ ಮುಗೀತು ಅನ್ಕೊಂಡೆ."

"ಮುಗೀತು ಅನ್ಕೊಂಡೋರು ಇದನ್ಯಾಕ ಕಟ್ಕೊಂಡು ಬಂದ್ರಿ?"

"ನಾ ಬಿಡಿಸಿದ ರಚನೆಯೊಳಗ ಇಷ್ಟು ಚಂದದ್ದು ಇನ್ನೊಂದಿಲ್ಲ ನೀಲಾ. ಚೆಲ್ಲಾಕ ಕೈ ಬರಲಿಲ್ಲ." ಅವರ ದನಿಯಲ್ಲಿ ನಿಜವಾದ ಪ್ರೀತಿ ಇತ್ತು, ಅದು ಕೊಳವೆಯ ಮೇಲಿತ್ತು. ಆಮೇಲೆ ದನಿ ಗಟ್ಟಿಯಾಯಿತು. "ಅವತ್ತ ಹೇಳಿದ್ರ ಒಂದು ಕಲ್ಲೂ ಹೊರಗ ಹೋಗ್ತಿರಲಿಲ್ಲ. ಮುಕ್ತಾಗ ಮೂರು ಬ್ಯಾಸಗಿ ಸಿಕ್ವಲ್ಲ, ಅವು ಎಲ್ಲಿಂದ ಬಂದ್ವು? ನಾ ಸುಮ್ನಿದ್ದದ್ದಕ್ಕ ಬಂದ್ವು."

ಮೂರು ಬೇಸಿಗೆ ಸುಳ್ಳಲ್ಲ.

"ಮತ್ತ," ಎಂದರು ಅವರು, ನಿಧಾನವಾಗಿ, "ಬೆರಳು ನಿಂದು."

ಆ ಮಾತಿಗೆ ಅವಳಿಗೆ ಪೂಜೆಯ ದಿನದ ಉಳಿದರ್ಧ ನೆನಪಾಯಿತು. ಅವಳ ಎದುರಿಗೇ, ಎರಡು ಮಾರು ದೂರದಲ್ಲಿ, ಪಂಪಾಪತಿಯವರು ಕೈಮುಗಿದು ನಿಂತಿದ್ದರು. ಕೊಳವೆಯನ್ನು ಕಂಡಿದ್ದರು. ಅವಳ ಹೆಬ್ಬೆರಳು ಕೊಳವೆಯಿಂದ ಸಲಾಕೆಗೆ, ಸಲಾಕೆಯಿಂದ ಸಲಾಕೆಗೆ ಹೋಗುವುದನ್ನು ಕಂಡಿದ್ದರು. ನಿಲ್ಲು ಎಂದರೆ ಯಾಕೆಂದು ನಲವತ್ತು ಜನರ ಮುಂದೆ ಹೇಳಬೇಕಾಗುತ್ತಿತ್ತು. ಮಂಗಳಾರತಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಿದ್ದರು.

"ನೀವು ನೋಡ್ಲಿಕತ್ತಿದ್ರಿ" ಎಂದಳು. "ನೋಡ್ತಾ ನಿಂತಿದ್ರಿ."

ಅವರು ಕನ್ನಡಕ ಮತ್ತೆ ಹಾಕಿಕೊಂಡರು.

"ಅವತ್ತಿಂದನ ನೀವು ಇಲ್ಲೇ ಜಳಕ ಮಾಡಿ, ಬಟ್ಟಿ ಬದಲು ಮಾಡಿ ಮನೀಗೆ ಹೋಗೋದು ಸುರು ಮಾಡಿದ್ರಿ." ಕೇಂದ್ರದವರೆಲ್ಲ ಅದಕ್ಕೆ ನಗುತ್ತಿದ್ದರು: ಸರ್ ವಯಸ್ಸಾದ ಮೇಲೆ ಮಡಿ ಹಿಡಿದರು ನೋಡು ಎಂದು. ನೀಲಾಂಬಿಕೆ ಅವರಿಗೆ ದಿನಾ ಸಂಜೆ ಬಿಸಿನೀರು ಕಾಯಿಸಿ ಇಟ್ಟಿದ್ದಳು. "ನಿಮ್ಮನಿ ಕಲ್ಲು ಪಾಲಿಶಿಗೂ ಬರಲಿಲ್ಲ. ಅದು ಇನ್ನೂ ತಿಳಿ ಅದ. ಹೌದಿಲ್ರಿ?"

ಕಲ್ಲು ತಿಳಿಯಾಗಿಯೇ ಇತ್ತು. ಮರುದಿನ ಬೆಳಗ್ಗೆ ಅವರು ಹೇಳಿಕಳಿಸಿದ್ದಕ್ಕೆ ಅವಳು ಅವರ ಮನೆಯ ಗೇಟಿನ ಹೊರಗೆ ನಿಂತಿದ್ದಾಗ ಕಿಟಕಿಯಿಂದ ಬಂದ ಗಾಳಿ ಅವಳ ಮೊಣಕೈಗೆ ತಣ್ಣಗೆ ತಾಗಿತು. ಪಂಪಾಪತಿಯವರು ಕಲ್ಲನ್ನು ಹೊಸ ಪಂಚೆಯಲ್ಲಿ ಸುತ್ತಿ ಎತ್ತಿಕೊಂಡು ಬಂದರು. ಬಟ್ಟೆ ಬಿಡಿಸಿದರು. ಊರಿನಲ್ಲಿ ಉಳಿದ, ಮೊದಲ ರೂಪದ ಕೊನೆಯ ಕಲ್ಲು, ತಿಳಿನೀರಿನ ಹಲಗೆಯಂತೆ.

"ತಗೊ ಮಗಳ. ಹನ್ನೆರಡು ತುಂಡು ಕೊಯ್ಸು, ಮುಕ್ತಾನ ಅಂಗಿಗೆ ಆಗ್ತದ. ಈ ಮಾತು ನಮ್ಮಿಬ್ಬರೊಳಗ ಇರ್ಲಿ."

ಅವಳ ಎರಡೂ ಕೈ ಮುಂದೆ ಹೋದವು. ಸುಳ್ಳು ಹೇಳಬಾರದು, ಆ ಕ್ಷಣ ಅವಳು ತೆಗೆದುಕೊಳ್ಳುವವಳೇ ಇದ್ದಳು. ಬಾನಿಯಲ್ಲಿ ಕೂತ ಮಗಳ ಹೊರತು ಅವಳಿಗೆ ಬೇರೇನೂ ಕಾಣುತ್ತಿರಲಿಲ್ಲ. ಆಗ ಅವಳ ಕಣ್ಣು ತನ್ನ ಉಗುರುಗಳ ಮೇಲೆ ಬಿತ್ತು. ಮಾರ್ಚ್‌ನಿಂದ ಹಾಲುಗಲ್ಲು ಒಡೆದು, ಉಜ್ಜಿ, ಪುಡಿ ಮಾಡಿದ ಉಗುರುಗಳು.

"ಸರ್," ಎಂದಳು. "ನಮ್ಮನ್ಯಾಗ ಇದು ಎಷ್ಟು ದಿನ ಬಾಳ್ತದ್ರಿ?"

ಪಂಪಾಪತಿಯವರು ಗೇಟಿನ ಚಿಲಕ ನೋಡಿದರು.

"ಎಂಟು ದಿನ? ಹತ್ತು? ನಿಮಗ ಗೊತ್ತದ. ಗೊತ್ತಿದ್ದ ಕೊಡ್ಲಿಕತ್ತೀರಿ." ಅವಳು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಅಳು ಬಂತು, ಒರೆಸಿಕೊಳ್ಳಲೂ ಕೈ ಮುಂದೆ ತರಲಿಲ್ಲ. "ಒಳಗಿಡ್ರಿ ಅದನ್ನ. ನಾ ಹೇಳೋರು ಬಂದು ಒಯ್ಯೋತನಕ ನೀವೂ ಮುಟ್ಟಬ್ಯಾಡ್ರಿ."

ಮಡಿಕೇರಿಯ ಒಂದು ಪ್ರಯೋಗಾಲಯದಲ್ಲಿ ಹರಳು ಬೆಳೆಸುವ ಬೊಳ್ಳಮ್ಮ ಎಂಬುವರಿದ್ದರು. ತಂಪುಗಲ್ಲನ್ನು ಅವರು ಚಿತ್ರದಲ್ಲಿ ಮಾತ್ರ ನೋಡಿದ್ದರು, ಬೇಕಾದದ್ದು ಅಂಥವರೇ. ನೀಲಾಂಬಿಕೆ ಫೋನಿನಲ್ಲಿ ಎರಡು ದಿನ ಕೂತು ಬೆಳೆಸುವ ವಿಧಾನವನ್ನೆಲ್ಲ ಬಾಯಿಂದ ಹೇಳಿದಳು. ತನ್ನ ಕೈಯ ಕಾಗದ ಕೂಡ ಅಲ್ಲಿಗೆ ಹೋಗುವಂತಿರಲಿಲ್ಲ. ಸಂಜೆ ಕೇಂದ್ರದ ಗೇಟಿನಲ್ಲಿ ಊರವರನ್ನು ನಿಲ್ಲಿಸಿಕೊಂಡು, ಮುಚ್ಚಿಟ್ಟವರು ಯಾರು, ಹಚ್ಚಿದ ಬೆರಳು ಯಾರದು, ಎರಡನ್ನೂ ಹೇಳಿದಳು. ಹೊಸ ಕಲ್ಲು ಬರಲು ಒಂದು ವರ್ಷ, ಅದೂ ಹೆಪ್ಪು ತಾಗದ ಹೊಸ ಮನೆಗಳಿಗೆ, ಹೊಸ ಗೋಡೆಗಳಿಗೆ ಮಾತ್ರ ಎಂದಳು. ಯಾರೂ ಬೈಯಲಿಲ್ಲ. ಖಾಜಾಬಿ ಮಾತ್ರ, "ಮತ್ತ ಸರ್ ಸರಿ ಮಾಡ್ತಾರಂದಿದ್ದಿಯಲ್ಲ ನೀಲಕ್ಕಾ" ಎಂದು ಸೆರಗು ಸರಿಮಾಡಿಕೊಂಡು ಹೋದಳು. ಬೈದಿದ್ದರೆ ವಾಸಿಯಿತ್ತು.

ಬೊಳ್ಳಮ್ಮನವರು ಮುಕ್ತಾಳನ್ನೂ ಕರೆದೊಯ್ಯಲು ಒಪ್ಪಿದರು. ಮಡಿಕೇರಿ ಸಹಜವಾಗಿಯೇ ತಂಪು. ಮೊದಲು ಬೆಳೆದ ಹರಳು ಅವಳ ಅಂಗಿಗೆ. ಆದರೆ ಹುಡುಗಿ ಶುದ್ಧವಾಗಿ ಬರಬೇಕು. ಬೇರೆ ಊರಿನ ನರ್ಸೊಬ್ಬಳು ಆಸ್ಪತ್ರೆಯಲ್ಲಿ ಮುಕ್ತಾಳ ತಲೆ ಬೋಳಿಸಿ, ಉಗುರು ಕತ್ತರಿಸಿ, ಮೂರು ಸಲ ಮೀಯಿಸಿ, ಅಂಗಡಿಯಿಂದ ನೇರ ಬಂದ ಬಟ್ಟೆ ತೊಡಿಸಿದಳು.

ಬೆಳಗ್ಗೆ ಆರಕ್ಕೆ ಜೀಪು ಆಸ್ಪತ್ರೆಯ ಮುಂದೆ ನಿಂತಿತ್ತು. ಮಡಿಕೇರಿಯಲ್ಲಿ ಬೀಜವಾಗಬೇಕಾದ ಸರ್ ಮನೆಯ ಕಲ್ಲು ಮೂರು ಡಬ್ಬಿಗಳೊಳಗೆ ಹಿಂದಿನ ಸೀಟಿನಲ್ಲಿತ್ತು. ನೀಲಾಂಬಿಕೆ ಗೌರವ್ವನ ಜೊತೆ ರಸ್ತೆಯ ಆಚೆ ಬದಿ ನಿಂತಳು. ಮಗಳಿಗೆ ಎಲ್ಲವನ್ನೂ ಹೇಳಿದ್ದಳು, ಮಗಳು ತಲೆಯಾಡಿಸಿದ್ದಳು. ಒಂಬತ್ತು ವರ್ಷಕ್ಕೆ ತಲೆಯಾಡಿಸುವುದು ಸುಲಭ.

ಬಾಗಿಲಿಂದ ಹೊರಬಂದ ಮುಕ್ತಾ ಅವ್ವನನ್ನು ಕಂಡು ಎಲ್ಲ ಮರೆತು ಎರಡೂ ಕೈ ಚಾಚಿ ರಸ್ತೆಗೆ ಇಳಿದಳು.

"ಅಲ್ಲೇ ನಿಲ್ಲು!" ನೀಲಾಂಬಿಕೆ ಕಿರುಚಿದಳು. ಹಿಂದಕ್ಕೆ ಸರಿದಳು. ಕೈಗಳನ್ನು ಬೆನ್ನ ಹಿಂದೆ ಗಟ್ಟಿಯಾಗಿ ಹಿಡಿದುಕೊಂಡಳು. "ಬರಬ್ಯಾಡ. ಮುಟ್ಟಬ್ಯಾಡ ನನ್ನ."

ಮುಕ್ತಾ ನಿಂತಳು. ಚಾಚಿದ ಕೈಗಳು ಸ್ವಲ್ಪ ಹೊತ್ತು ಹಾಗೇ ಇದ್ದು ಕೆಳಗಿಳಿದವು. ಬೋಳುತಲೆಯ ಆ ಚಿಕ್ಕ ಮುಖ ಅವ್ವನನ್ನು ನೋಡಿದ ರೀತಿ ನೀಲಾಂಬಿಕೆಗೆ ಗೊತ್ತಿತ್ತು. ಸರ್ ಕೋಣೆಯಲ್ಲಿ ಮೊನ್ನೆ ತನ್ನ ಮುಖವೂ ಹೀಗೇ ಇದ್ದಿರಬೇಕು.

ನರ್ಸು ಹುಡುಗಿಯ ಭುಜ ಹಿಡಿದು ಜೀಪು ಹತ್ತಿಸಿದಳು. ಕಿಟಕಿಯಲ್ಲಿ ಮುಕ್ತಾ ಇತ್ತ ತಿರುಗಲಿಲ್ಲ. ಅಂಗಿ ಹೊಸದು, ಅದರಲ್ಲಿ ಕಲ್ಲಿರಲಿಲ್ಲ, ಹಿಡಿಕೆಯೂ ಇರಲಿಲ್ಲ. ಅವಳ ಬಲಗೈ ಮಾತ್ರ ಸೊಂಟದ ಹತ್ತಿರ ಒತ್ತಿ ಬಿಡುತ್ತಿತ್ತು, ಒತ್ತಿ ಬಿಡುತ್ತಿತ್ತು. ಜೀಪು ತಿರುವು ದಾಟಿದ ಮೇಲೆ ಗೌರವ್ವ ಸೊಸೆಯ ಕೈಗಳನ್ನು ಬೆನ್ನ ಹಿಂದಿನಿಂದ ಒಂದೊಂದೇ ಬೆರಳಾಗಿ ಬಿಡಿಸಿದಳು.